ಹಳೆಯ ಕಾರಿನ ಫ್ಯೂಸ್ ಪೆಟ್ಟಿಗೆ: ಉಜ್ಜುವುದೋ, ಬದಲಿಸುವುದೋ?



ಅಹಮದಾಬಾದಿನ ಕಠ್‌ವಾಡಾದಲ್ಲಿರುವ ಹಳೆಯ ಕಾರುಗಳ ಸಂಗ್ರಹಾಲಯವನ್ನು ನಿಮ್ಮಲ್ಲಿ ಕೆಲವರು ರಜೆಯ ದಿನ ನೋಡಿ ಬಂದಿರಬಹುದು. 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಯಲ್ಲಿ ಇಂಥ ಕಾರುಗಳ ದೊಡ್ಡ ಪ್ರದರ್ಶನವೇ ನಡೆಯಿತು. ಬಣ್ಣಕ್ಕೂ ಹೊಳಪಿಗೂ ಹಣ ಸುರಿಯುವವರಿಗೆ ಕೊರತೆಯಿಲ್ಲ. ಆದರೆ ಬಾನೆಟ್ಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯನ್ನು ಕೇಳುವವರು ಯಾರು? ಅದನ್ನು ಉಜ್ಜಿ ಸರಿಪಡಿಸಿದರೆ ಸಾಕೇ, ಹೊಸದನ್ನೇ ಹಾಕಬೇಕೇ ಎಂದು ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಹುಡುಗರು ವಾದಿಸುತ್ತಿರುತ್ತಾರೆ. ಈ ವಾದದಲ್ಲಿ ನನಗೂ ಒಂದು ಮಾತಿದೆ.

ನಾನು ಸೂರತ್ತಿನ ಹೋಟೆಲೊಂದರಲ್ಲಿ ಮಾಣಿಯಾಗಿದ್ದಾಗ ನಸುಕಿನಲ್ಲಿ ಮಾಲಿಕರ ಹಳೆಯ ಅಂಬಾಸಡರಿನಲ್ಲಿ ತರಕಾರಿ ತರಲು ಹೋಗುತ್ತಿದ್ದೆ. ಫ್ಯೂಸು ಪದೇ ಪದೇ ಹಾರುತ್ತಿತ್ತು. ಹೊಸ ಪೆಟ್ಟಿಗೆಗೆ ಮಾಲಿಕರು ದುಡ್ಡು ಕೊಡಲಿಲ್ಲ. ಡ್ರೈವರು ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದ. ಆಮೇಲೆ ಫ್ಯೂಸು ಹಾರಲಿಲ್ಲ. ಒಂದು ದಿನ ತಂತಿಯೇ ಹೊತ್ತಿಕೊಂಡಿತು. ನಾವಿಬ್ಬರೂ ಹೊರಗೆ ಹಾರಿ ಬದುಕಿದೆವು. ನಷ್ಟದ ಹಣವನ್ನು ಡ್ರೈವರನ ಸಂಬಳದಲ್ಲಿ ಮುರಿದುಕೊಂಡರು.

ಫ್ಯೂಸು ಇರುವುದು ದೀಪವನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು. ತಂತಿ ಸುಡುವ ಮೊದಲು ಅದು ತಾನು ಸುಟ್ಟುಕೊಳ್ಳಬೇಕು.

ಉಜ್ಜಿದರೆ ಸಾಕು ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಫ್ಯೂಸಿನ ಹಿಡಿಕೆಗೆ ಕಿಲುಬು ಹತ್ತಿ 0.1 ಓಮ್ ತಡೆ ಉಂಟಾಯಿತೆನ್ನಿ. 10 ಆಂಪಿಯರ್ ಹರಿದರೆ ಆ ಒಂದೇ ಜಾಗದಲ್ಲಿ 10 ವಾಟ್ ಕಾವು ಹುಟ್ಟುತ್ತದೆ. ವಿದ್ಯುತ್ತು ಹೆಚ್ಚದ ಕಾರಣ ಫ್ಯೂಸು ಹಾರುವುದಿಲ್ಲ, ಪೆಟ್ಟಿಗೆ ಕರಗುತ್ತದೆ. ಉಜ್ಜಿ ಬಿಗಿಮಾಡಿದರೆ ಈ ಕೇಡು ನಿಲ್ಲುತ್ತದೆ.

ಆದರೆ ಅಂಬಾಸಡರಿನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಆ ಕಾಲದ ಲೂಕಾಸ್ ಪೆಟ್ಟಿಗೆಯಲ್ಲಿ ಕೆಲಸಕ್ಕಿದ್ದುದು ಎರಡೇ ಫ್ಯೂಸು. ಮುಂದಿನ ದೊಡ್ಡ ದೀಪಗಳಿಗೆ ಫ್ಯೂಸೇ ಇರಲಿಲ್ಲ. ಎಷ್ಟು ಉಜ್ಜಿದರೂ ಇಲ್ಲದ ಫ್ಯೂಸು ಹುಟ್ಟೀತೇ?

ಆದುದರಿಂದ ದಿನವೂ ಜನರನ್ನು ಹೊತ್ತು ದುಡಿಯುವ ಕಾರಿಗೆ ಹೊಸ ಪೆಟ್ಟಿಗೆಯೇ ಬೇಕು, ಒಂದೊಂದು ತಂತಿಗೂ ಒಂದೊಂದು ಫ್ಯೂಸು ಬೇಕು. ಇಲ್ಲಿ ಒಂದು ಎಚ್ಚರಿಕೆ. ಹಳೆಯ ಲೂಕಾಸ್ ಗಾಜಿನ ಫ್ಯೂಸಿನ ಮೇಲಿನ 35 ಎಂಬುದು ಅದು ಸುಟ್ಟುಹೋಗುವ ಅಳತೆ. ಎಡೆಬಿಡದೆ ಹೊರುವುದು ಸುಮಾರು 17 ಆಂಪಿಯರ್ ಮಾತ್ರ. ಹೊಸ ಚಪ್ಪಟೆ ಫ್ಯೂಸಿನ ಮೇಲಿರುವುದು ಹೊರುವ ಅಳತೆ. 35ರ ಜಾಗಕ್ಕೆ 30ರ ಹಸಿರು ಫ್ಯೂಸು ಹಾಕಿದರೆ ಅದೂ ಬೆಳ್ಳಿ ಕಾಗದದ ತಮ್ಮನೇ. 15ರ ನೀಲಿಯೇ ಅದಕ್ಕೆ ಜೋಡಿ.

ಪ್ರದರ್ಶನದ ಕಾರಿನ ಮಾತು ಬೇರೆ. 50 ವರ್ಷ ಮೀರಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದರ ಮೂಲ ರೂಪ ಉಳಿದಿರಬೇಕೆಂದು 2021ರ ಕೇಂದ್ರ ನಿಯಮ ಹೇಳುತ್ತದೆ. ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಅಲ್ಲಿ ಹಳೆಯ ಪೆಟ್ಟಿಗೆಯನ್ನೇ ಉಜ್ಜಿ ಇಡಲಿ, ದೀಪದ ತಂತಿಗೆ ಮಾತ್ರ ಕಣ್ಣಿಗೆ ಬೀಳದಂತೆ ಒಂದು ಫ್ಯೂಸು ಸೇರಿಸಲಿ.

ಖರ್ಚು ಯಾರದು? ಕಾರು ಯಾರದೋ ಅವರದು. ಡ್ರೈವರ್ ಬಂಧುಗಳೇ, ಬೆಳ್ಳಿ ಕಾಗದ ಸುತ್ತೆಂದು ಯಾರೇ ಹೇಳಲಿ, ಸುತ್ತಬೇಡಿ. ಅಡುಗೆಮನೆಯ ಬಂಧುಗಳೇ, ನಿಮ್ಮ ಬೋರ್ಡಿನ ಪಿಂಗಾಣಿ ಫ್ಯೂಸಿನಲ್ಲಿ ಎಂಥ ತಂತಿಯಿದೆಯೆಂದು ನಾಳೆಯೇ ವಯರ್‌ಮನ್ನನಿಂದ ನೋಡಿಸಿರಿ. ಬೆಂಕಿಯ ಹತ್ತಿರ ನಿಂತಿರುವವರು ಮಾಲಿಕರಲ್ಲ, ನಾವು.