ಕೆಂಪ ಹೂವಿನ ಗಿಡದ ತಲಿ ಕಡಿಬ್ಯಾಡ್ರಿ

1/6
ಮೂರೂ ಫೋಟೋ ಸ್ವೈಪ್ ಮಾಡಿ ನೋಡ್ರಿ, ಆಮ್ಯಾಲ ಓದ್ರಿ.

ಮೊದಲನೇದು ಹೋದ ವರ್ಷಕ್ಕಿಂತ ಹಿಂದಿನ ಶ್ರಾವಣದ್ದು. ನಿಪ್ಪಾಣಿ ಹತ್ರ ನಮ್ಮ ಆಯಿ ಮನಿ ಅಂಗಳದ ಕ್ರೇಪ್ ಮರ್ಟಲ್. ಟೊಂಗಿ ತುದಿಗೆಲ್ಲ ಕೆಂಪ ಗೊಂಚಲು. ಎರಡನೇದು ಅದ ಗಿಡ, ಈ ವರ್ಷದ ಜನವರಿಯೊಳಗ: ನಾಕು ಗೂಟ. ನಮ್ಮ ಕಾಕಾ ಕೊಡಲಿ ತಗೊಂಡು "ಸ್ವಚ್ಛ" ಮಾಡಿದ್ರು. ಮೂರನೇದು ಈ ಶ್ರಾವಣದ್ದು. ಬೆರಳಷ್ಟು ಸಣ್ಣ ಚಿಗುರು, ಅದರ ತುದಿಗೆ ದೊಡ್ಡ ಗೊಂಚಲು, ಒಂದ ಮಳಿಗೆ ಎಲ್ಲಾ ಬಾಗಿ ಕೆಸರಿನ್ಯಾಗ ಮುಖ ಇಟ್ಟಾವ.

ಈಗ ಕಾಕಾ ಏನಂತಾರ ಗೊತ್ತೈತಿ? "ಈ ಗಿಡ ಸರಿ ಹೂವು ಬಿಡವಲ್ದು, ಬುಡಸಮೇತ ತಗದು ಪೇವಿಂಗ್ ಬ್ಲಾಕ್ ಹಾಕೋಣು. ಗಾಡಿ ನಿಲ್ಲಸಾಕ ಬರತೈತಿ."

ಕಡದವರು ನಾವು. ಶಿಕ್ಷೆ ಗಿಡಕ್ಕ. ಈ ಅನ್ಯಾಯದ ಬಗ್ಗೆನ ಈ ಆರು ಪೋಸ್ಟ್. ಡಿಸೆಂಬರ್ ಮುಗಿಲಿಕ್ಕೆ ಬಂತು, ಕೊಡಲಿ ಮಸಿಯೋ ಹೊತ್ತು. ನಿಮ್ಮ ಮನಿಯೊಳಗೂ ಇಂಥ ಗಿಡ ಇದ್ರ ಇವತ್ತ ಓದ್ರಿ.

2/6
ನಮ್ಮ ಕಡೆ ಈ ತಪ್ಪು ಎಲ್ಲಿಂದ ಬಂತು? ನನಗನಿಸೋದು, ದ್ರಾಕ್ಷಿಯಿಂದ.

ಅಥಣಿ, ಕಾಗವಾಡ ಕಡೆ ಗೆಳೆಯರಿದ್ರ ಅವರಿಗೆ ಹೇಳೋದ ಬ್ಯಾಡ. ದ್ರಾಕ್ಷಿಗೆ ವರ್ಷಕ್ಕ ಎರಡು ಚಾಟ್ನಿ, ಏಪ್ರಿಲ್‌ನ್ಯಾಗ ಒಂದು, ಅಕ್ಟೋಬರ್‌ನ್ಯಾಗ ಒಂದು. ಕಡದಷ್ಟೂ ಚಲೋ ಚಿಗುರತೈತಿ ಅನ್ನೋದು ನಮ್ಮ ತಲಿಯೊಳಗ ಕೂತ ಬಿಟ್ಟೈತಿ. ಕ್ರೇಪ್ ಮರ್ಟಲ್ ಕೂಡ ಹೊಸ ಚಿಗುರಿನ ತುದಿಗೇ ಹೂವು ಬಿಡತೈತಿ, ಅದು ಖರೆ. ಅದಕ್ಕ ಕಾಕಾ ಲೆಕ್ಕ ಸರಿ ಅನಿಸತೈತಿ: ಪೂರಾ ಕಡದ್ರ ಪೂರಾ ಹೊಸ ಚಿಗುರು.

ಆದ್ರ ಒಂದ ಮಾತು ಮರತ್ರು. ದ್ರಾಕ್ಷಿ ಬಳ್ಳಿ ಕೆಳಗ ಕಂಬ ಐತಿ, ತಂತಿ ಐತಿ. ಗೊನಿ ಭಾರ ಹೊರೋದು ತಂತಿ, ಬಳ್ಳಿ ಅಲ್ಲ. ಈ ಗಿಡಕ್ಕ ಯಾವ ತಂತಿ ಕಟ್ಟೀರಿ? ಅದರ ತಂತಿ ಅಂದ್ರ ಅದರ ಹಳೇ ಟೊಂಗಿ. ಎರಡು-ಮೂರು ವರ್ಷದ ಗಟ್ಟಿ ಟೊಂಗಿ ಇದ್ರ, ಅದರ ಮ್ಯಾಲಿನ ಹೊಸ ಚಿಗುರು ಹೂವಿನ ಭಾರ, ಮಳಿ ನೀರಿನ ಭಾರ ಎರಡೂ ತಡೀತೈತಿ. ಹಳೇ ಟೊಂಗಿನ ಕಡದ್ರ ಕಂಬ ಕಿತ್ತ ದ್ರಾಕ್ಷಿ ಪಡ ಆಗತೈತಿ, ಅಷ್ಟ.

ಇನ್ನ ಪ್ರತಿ ವರ್ಷ ಅದ ಜಾಗದಾಗ ಕಡೀತಿದ್ರ ಅಲ್ಲಿ ಮುಷ್ಟಿಯಂಗ ಗಂಟು ಬೆಳೀತೈತಿ. ಗಂಟಿನಿಂದ ಹತ್ತಾರು ಸಣ್ಣ ಚಿಗುರು ಒತ್ತೊತ್ತಾಗಿ ಬರತಾವ, ಗಾಳಿ ಆಡಂಗಿಲ್ಲ. ಈ ಗಿಡ ಅಮೆರಿಕಾದ ದಕ್ಷಿಣ ರಾಜ್ಯಗಳೊಳಗ ಬೀದಿಗೊಂದು ಐತಿ. ಅಲ್ಲಿಯವರೂ ಇದ ತಪ್ಪು ಮಾಡಿ ಮಾಡಿ, ಕಡೀಕ ಇದಕ್ಕ 'ಕ್ರೇಪ್ ಮರ್ಡರ್' ಅಂತಾನ ಹೆಸರಿಟ್ಟಾರ. ಕೊಲಿ ಅಂತ ಅವರ ಅಂದಾರ, ನಾ ಅಲ್ಲ.

3/6
"ಏನ ಉಪಯೋಗ?" ಈ ಪ್ರಶ್ನೆ ನಮ್ಮ ಮನಿಯೊಳಗ ದಿನಾ ಬರತೈತಿ. ಹಣ್ಣಿಲ್ಲ. ವಾಸನಿ ಇಲ್ಲ ಅಂದ್ರೂ ನಡೀತೈತಿ. ಮಲ್ಲಿಗಿಯಂಗ ಮಾಲಿ ಕಟ್ಟಾಕ ಬರಂಗಿಲ್ಲ.

ಉಪಯೋಗ ನಾ ಹೇಳತೀನಿ. ನಮ್ಮ ಆಯಿ ಮೊರ ತೊಡಿ ಮ್ಯಾಲ ಇಟ್ಕೊಂಡು ಬೀಡಿ ಕಟ್ಟಿದ್ದು ಈ ಗಿಡದ ನೆರಳಿನ್ಯಾಗ. ನಿಪ್ಪಾಣಿ ಕಡೆಯವರಿಗೆ ಗೊತ್ತು, ಬೀಡಿ ಕೆಲಸ ಅಂದ್ರ ಕಾರ್ಖಾನಿ ಅಲ್ಲ, ಮನಿ ಮುಂದಿನ ಅಂಗಳ. ತಗಡಿನ ಮನಿಯೊಳಗ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕುಂದರಾಕ ಆಗತೈತೇನು? ಚಳಿಗಾಲಕ್ಕ ಎಲಿ ಉದರಸಿ ಬಿಸಲ ಬಿಡತೈತಿ, ಬ್ಯಾಸಿಗಿ ಬರೋದ್ರೊಳಗ ಮತ್ತ ಎಲಿ ತುಂಬಿ ನೆರಳ ಕೊಡತೈತಿ. ಇಷ್ಟ ಶಾಣ್ಯಾ ಛತ್ರಿ ಯಾವ ಅಂಗಡಿಯೊಳಗ ಸಿಗತೈತಿ?

ಹೂವಿನೊಳಗ ಮಕರಂದ ಇಲ್ಲ, ಆದ್ರ ಪರಾಗ ಐತಿ. ಜೇನುಹುಳ ಅದಕ್ಕ ಬರತಾವ. ಮುಂಜಾನಿ ಹೋಗಿ ನಿಂತು ನೋಡ್ರಿ, ನಡುವಿನ ಹಳದಿ ಕೇಸರದ ಮ್ಯಾಲ ಕೂತಿರತಾವ.

ಪೇವಿಂಗ್ ಬ್ಲಾಕ್ ಮ್ಯಾಲ ಏನ ಬರತೈತಿ? ಬಿಸಲ ಕಾದು ರಾತ್ರಿ ತನಕ ಝಳ ಹೊಡೀತೈತಿ, ಅಷ್ಟ.

4/6
ಈಗ ಎದುರಿನ ವಾದ. ಕ್ಲಾಸಿನ ಒಬ್ಬ ಗೆಳೆಯ ಅಂದ: "ಇದು ಚೀನಾ ಕಡೆ ಗಿಡ, ನಮ್ಮ ದೇಸಿ ಗಿಡ ಹಚ್ಚಬೇಕು."

ಮಾತು ಅರ್ಧ ಒಪ್ಪತೀನಿ. ಜಾಗ ದೊಡ್ಡದಿದ್ರ, ಹೊಲದ ಬದುವು, ಹಳ್ಳದ ದಂಡಿ ಇದ್ರ, ಖಂಡಿತ ಇದರ ಅಕ್ಕನ್ನ ಹಚ್ರಿ. ಹೊಳೆದಾಸವಾಳ ಇದರ ಕುಲದ್ದ. ಗಡಿ ದಾಟಿದ್ರ ಅದಕ್ಕ ತಾಮ್ಹಣ ಅಂತಾರ, ಮಹಾರಾಷ್ಟ್ರದ ರಾಜ್ಯ ಹೂವು ಅದು. ಪಶ್ಚಿಮ ಘಟ್ಟದ ನಂದಿ ಮರಾನೂ ಇದ ಕುಲ. ಆದ್ರ ಅವೆರಡೂ ದೊಡ್ಡ ಮರ ಆಗತಾವ. 30×40 ಸೈಟಿನ ಮುಂದಿನ ಮೂಲಿಗೆ ಹಚ್ಚಿದ್ರ ಹತ್ತು ವರ್ಷಕ್ಕ ಮತ್ತ ಕೊಡಲಿನ ಗತಿ. ಕ್ರೇಪ್ ಮರ್ಟಲ್ ಸಾಮಾನ್ಯವಾಗಿ 20 ಅಡಿ ಆಸುಪಾಸು, ಗಿಡ್ಡ ತಳಿ 3-5 ಅಡಿಗೆ ನಿಲ್ಲತಾವ. ಸಣ್ಣ ಅಂಗಳಕ್ಕ ಸಣ್ಣ ಗಿಡ.

ಹೊರಗಿನದು ಅನ್ನೋದಾದ್ರ ಮೆಣಸಿನಕಾಯಿ, ತಂಬಾಕು ಎರಡೂ ಅಮೆರಿಕಾ ಖಂಡದಿಂದ ಬಂದಾವ. ನಿಪ್ಪಾಣಿ ಊರ ಹೆಸರ ಮಾಡಿದ್ದ ತಂಬಾಕು. ಅದಕ್ಕ ಯಾರೂ ಪಾಸ್‌ಪೋರ್ಟ್ ಕೇಳಿಲ್ಲ.

5/6
ಬೈಯೋದು ಸಾಕು, ಮಾಡೋದು ಹೇಳತೀನಿ. ಸೇವ್ ಮಾಡ್ಕೋರಿ.

ಕೆಂಪನ ಬೇಕಂದ್ರ ಬೀಜದ ಸಸಿ ಬ್ಯಾಡ. ಬೀಜದಿಂದ ತಾಯಿ ಬಣ್ಣಾನ ಬರತೈತಿ ಅನ್ನೋ ಖಾತ್ರಿ ಇಲ್ಲ. ಹೂವು ಇರೋ ಮಳಿಗಾಲದಾಗ ನರ್ಸರಿಗೆ ಹೋಗಿ ಕಣ್ಣಾರೆ ನೋಡಿ ತಗೋರಿ, ಇಲ್ಲ ಗೆಳೆಯರ ಮನಿ ಕೆಂಪ ಗಿಡದ ಕಡ್ಡಿ ತಂದು ಹಚ್ರಿ. ಅಚ್ಚ ಕೆಂಪು ಸುಮ್ನ ಬಂದಿಲ್ಲ. ಅಮೆರಿಕಾದ ಒಕ್ಲಹೋಮಾದಾಗ ಕಾರ್ಲ್ ವಿಟ್‌ಕಂಬ್ ಅನ್ನೋರು ಸಾವಿರಗಟ್ಟಲೆ ಸಸಿ ಬೆಳಸಿ ಆರಿಸಿದ 'ಡೈನಮೈಟ್' ತಳಿ ಪೇಟಿಗೆ ಬಂದಿದ್ದು 1990ರ ದಶಕದಾಗ.

ಬಿಸಲ: ದಿನಕ್ಕ 6 ತಾಸು ಬೇಕು. ನೆರಳಿನ್ಯಾಗ ಹಚ್ಚಿದ್ರ ಹೂವು ಕಡಿಮಿ, ಎಲಿ ಮ್ಯಾಲ ಬೂದಿ ರೋಗ ಜಾಸ್ತಿ.

ಮಣ್ಣು: ನಮ್ಮ ಎರಿ ಮಣ್ಣು ನೀರ ಹಿಡೀತೈತಿ. ಕುಣಿ ತೋಡಿ ಕಡಿ-ಮರಳು, ಹಳೇ ಗೊಬ್ಬರ ಕೂಡಸ್ರಿ, ಗಿಡ ಸ್ವಲ್ಪ ಎತ್ತರಕ್ಕ ಕೂಡ್ರಸ್ರಿ. ರಾಯಬಾಗ, ಚಿಕ್ಕೋಡಿ ಕಡೆ ಸವಳು ಮಣ್ಣಿದ್ರ ಎಲಿ ಹಳದಿ ಆಗಿ ನರ ಅಷ್ಟ ಹಸರ ಉಳೀತಾವ. ಅದು ಕಬ್ಬಿಣಾಂಶ ಸಿಗದಿರೋದು, ನೀರಿನ ಕೊರತಿ ಅಲ್ಲ.

ಗೊಬ್ಬರ: ಕಬ್ಬಿಗೆ ತಂದು ಉಳಿದ ಯೂರಿಯಾ ಇದಕ್ಕ ಒಗಿಬ್ಯಾಡ್ರಿ. ಎಲಿ ಗವ್ ಅನ್ನತಾವ, ಹೂವು ಬರಂಗಿಲ್ಲ, ಹೇನು ಹತ್ತತಾವ.

ಕತ್ತರಿ: ಜನವರಿ ಕಡೀಕ, ಎಲಿ ಇಲ್ಲದಾಗ. ಒಣಗಿದ್ದು, ಒಂದಕ್ಕೊಂದು ತಿಕ್ಕೋದು, ಒಳಮುಖ ಬೆಳೆದದ್ದು, ಬುಡದ ಚಿಗುರು, ಇವನ್ನಷ್ಟ ತಗೀರಿ. ಹೆಬ್ಬೆರಳಿಗಿಂತ ದಪ್ಪ ಟೊಂಗಿ ಮುಟ್ಟಬ್ಯಾಡ್ರಿ. ಮೊದಲ ಹೂವು ಬಾಡಿದ ಮ್ಯಾಲ ಗೊಂಚಲಷ್ಟ ಕತ್ತರಿಸಿದ್ರ ಇನ್ನೊಂದು ಸಲ ಹೂವು ಬಿಡತೈತಿ.

ಎಲಿ ಉದುರಿದ್ರ "ಸತ್ತೈತಿ" ಅಂತ ಕಡಿಬ್ಯಾಡ್ರಿ. ಉಗುರಿಲೆ ತೊಗಟಿ ಕೆರದು ನೋಡ್ರಿ. ಒಳಗ ಹಸರ ಇದ್ರ ಜೀವ ಐತಿ.

6/6
ಹೋದ ಐತವಾರ ಕಾಕಾಗ ಕೇಳಿದೆ: "ಕಾಕಾ, ಎರಡು ವರ್ಷ ಕೊಡಲಿ ಮುಟ್ಟಬ್ಯಾಡ್ರಿ. ಗಂಟಿನ ಮ್ಯಾಲಿನ ಚಿಗುರಿನ್ಯಾಗ ಗಟ್ಟಿ ಎರಡು ಉಳಿಸಿ ಬಾಕಿ ನಾನ ತಗೀತೀನಿ. ಮೂರನೇ ಶ್ರಾವಣಕ್ಕೂ ಹೂವು ಬೀಳತಾವ ಅಂದ್ರ, ನಾನ ನಿಂತು ಬ್ಲಾಕ್ ಹಾಕಸತೀನಿ."

ಕಾಕಾ ನಕ್ಕರು, ಹೂಂ ಅನಲಿಲ್ಲ. ಆಯಿ ಅಂದಳು: "ಗಾಡಿ ಹೊರಗ ನಿಲ್ಲಲಿ. ಅದಕ್ಕೇನ ಬಿಸಲ ಬಡೀತೈತಿ?" ಅಂಗಳದ ಬಗ್ಗೆ ನಮ್ಮ ಮನಿಯೊಳಗ ಆಯಿನ್ನ ಯಾರೂ ಕೇಳಿರಲಿಲ್ಲ, ಅವತ್ತ ನನಗೂ ಹೊಳೀತು. ದಿನಕ್ಕ ಎಂಟು ತಾಸು ಅಲ್ಲಿ ಕೂತಾಕಿ ಆಕಿ. ಕೊಡಲಿ ಹಿಡಿಯೋರು, ಬ್ಲಾಕಿನ ಲೆಕ್ಕ ಹಾಕೋರು ಬ್ಯಾರೇ.

ಅದಕ್ಕ ನಿಮಗ ಹೇಳೋದು ಇಷ್ಟ. ಗಿಡ ಉಳಸ್ರಿ ಅಂತ ಸ್ಟೇಟಸ್ ಇಟ್ರ ಗಿಡ ಉಳಿಯಂಗಿಲ್ಲ. ಈ ಜನವರಿ ರಜಾದಾಗ ಮನಿಗೆ ಹೋದಾಗ, ಕೊಡಲಿ ಏಳೋ ಮೊದಲ ನೀವು ಕತ್ತರಿ ಹಿಡೀರಿ. ಮತ್ತ ಆ ಅಂಗಳದಾಗ ದಿನಾ ಕುಂದರೋರು ಯಾರದಾರ, ಅವರನ್ನ ಮೊದಲ ಕೇಳ್ರಿ.

ನಿಮ್ಮ ಅಂಗಳದ ಗಿಡದ ಫೋಟೋ ಕಾಮೆಂಟ್‌ನ್ಯಾಗ ಹಾಕ್ರಿ, ಗೂಟ ಆಗಿದ್ರೂ ಹಾಕ್ರಿ. ಗೂಟಾನೂ ಚಿಗರತೈತಿ, ಎರಡು ವರ್ಷ ಬಿಟ್ರ.

#ತಲಿಕಡಿಬ್ಯಾಡ್ರಿ #ಕೆಂಪಹೂವು #ನಮ್ಮಅಂಗಳ #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ