ರಸ್ತೆ ಮತ್ತೆ ತುಂಬುವ ಮುಂಚೆ ಬಸ್ಸಿಗೆ ದಾರಿ ಬಿಡಿಸೋಣ

ಬೆಂಗಳೂರು, ಜೂನ್ 2020

ನೆರೆಹೊರೆಯವರೇ,

ಲಾಕ್‌ಡೌನ್ ಶುರುವಾದ ಮಾರ್ಚ್ 25ರಿಂದ ಎರಡು ತಿಂಗಳು ಈ ಊರಿನ ಗಾಳಿ ಹೇಗಿತ್ತು ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಉಸಿರಾಡಿದವರು ನೀವೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತರೆ ಕಣ್ಣು ಉರಿಯಲಿಲ್ಲ. ರಸ್ತೆ ಪಕ್ಕದ ಮನೆಗಳಲ್ಲಿ ಕಿಟಕಿ ಸರಳಿನ ಮೇಲೆ ಬೆರಳೆಳೆದರೆ ಅಂಟುತ್ತಿದ್ದ ಕರಿ ಮಸಿ ಕಡಿಮೆಯಾಯಿತು. ಏಪ್ರಿಲ್ ಮೊದಲ ವಾರ ಪಂಜಾಬಿನ ಜಲಂಧರದವರು ಮನೆ ತಾರಸಿ ಹತ್ತಿ ಧೌಲಾಧಾರ್ ಹಿಮಶಿಖರಗಳ ಫೋಟೋ ತೆಗೆದು ಊರಿಗೆಲ್ಲ ಕಳಿಸಿದರು. ನಮಗೆ ತೋರಿಸಿಕೊಳ್ಳಲು ಹಿಮಾಲಯ ಇರಲಿಲ್ಲ, ಅಷ್ಟೇ.

ಈಗ ಬೀಗ ತೆಗೆಯುತ್ತಿದ್ದಾರೆ. ಅಂಗಡಿ ತೆರೆದಾಯಿತು, ಜೂನ್ 8ರಿಂದ ಹೋಟೆಲು, ದೇವಸ್ಥಾನ, ಮಾಲುಗಳೂ ತೆರೆಯುತ್ತವೆ. ಬೇಡ ಅನ್ನುವವರು ನಾವಲ್ಲ. ಲಾಕ್‌ಡೌನನ್ನು ಹೊಗಳಲು ಈ ಹಾಳೆ ಅಚ್ಚು ಹಾಕಿಸಿಲ್ಲ. "ಮನುಷ್ಯನೇ ವೈರಸ್ಸು, ಪ್ರಕೃತಿ ಗುಣವಾಗುತ್ತಿದೆ" ಅಂತ ವಾಟ್ಸಾಪಿನಲ್ಲಿ ಓಡಾಡಿದ ಮಾತು ನಮಗೆ ಅಸಹ್ಯ ತಂದಿದೆ. ಆ ನೀಲಿ ಆಕಾಶದ ಕೆಳಗೆ ಬಿಹಾರ, ಒಡಿಶಾ, ರಾಯಚೂರು, ಕಲಬುರಗಿಯ ಕೂಲಿಯವರು ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ಹೆದ್ದಾರಿಯಲ್ಲಿ ನಡೆದರು. ಮೇ 5ರಂದು ಬಿಲ್ಡರುಗಳ ಜೊತೆ ಸಭೆ ನಡೆಸಿ ಅವರನ್ನು ಊರಿಗೆ ಮುಟ್ಟಿಸುವ ಶ್ರಮಿಕ ರೈಲು ಬೇಡ ಎಂದ ರಾಜ್ಯ ಸರ್ಕಾರವೇ, ನಾಲ್ಕು ಕಡೆಯಿಂದ ಉಗಿಸಿಕೊಂಡ ಮೇಲೆ ಎರಡು ದಿನದಲ್ಲಿ ಮತ್ತೆ ರೈಲು ಕೇಳಿತು. ಅಷ್ಟು ಜನರ ಅನ್ನ ಕಸಿದು ಬಂದ ಗಾಳಿಗೆ ಹಬ್ಬ ಮಾಡಲಾಗದು. ಆದರೆ ಆ ಗಾಳಿ ಒಂದು ಸತ್ಯವನ್ನು ಎಲ್ಲರ ಮುಂದೆ ಇಟ್ಟಿತು. ಅದನ್ನು ಮರೆಸಿಬಿಡಲು ಬಿಡಬಾರದು.

ಗಾಳಿ ಕೆಡುವುದಕ್ಕೆ ಇಷ್ಟು ವರ್ಷ ನಾವು ಕೇಳಿದ ಸಬೂಬು ಒಂದೆರಡಲ್ಲ. ಊರು ಬೆಳೆದರೆ ಹೀಗೇ. ಹವಾಮಾನ ಹೀಗೇ. ಹೊರಗಿನಿಂದ ಬಂದವರು ಜಾಸ್ತಿಯಾದರು. ಸರಿ, ಏಪ್ರಿಲ್‌ನಲ್ಲಿ ಊರು ಇಲ್ಲೇ ಇತ್ತು, ಜನರಲ್ಲಿ ಬಹುಪಾಲು ಇಲ್ಲೇ ಇದ್ದರು, ಒಲೆಗಳೂ ಉರಿಯುತ್ತಿದ್ದವು. ರಸ್ತೆಯಿಂದ ಇಳಿದದ್ದು ವಾಹನ. ನಿಂತದ್ದು ಕಟ್ಟಡದ ಕೆಲಸ ಮತ್ತು ಹಲವು ಕಾರ್ಖಾನೆ. ದೇಶದ ದೊಡ್ಡ ನಗರಗಳಲ್ಲೆಲ್ಲ ಎದ್ದು ಕಾಣುವಂತೆ ಕುಸಿದದ್ದು ನೈಟ್ರೋಜನ್ ಡೈಆಕ್ಸೈಡ್. ನಗರದ ಬೀದಿಯಲ್ಲಿ ಆ ಅನಿಲದ ದೊಡ್ಡ ಮೂಲ ವಾಹನದ ಹೊಗೆಕೊಳವೆ. ಸೂಕ್ಷ್ಮ ಧೂಳು, ಅಂದರೆ ಪಿಎಂ 2.5, ಇಳಿಯಿತಾದರೂ ಅಷ್ಟು ಇಳಿಯಲಿಲ್ಲ, ಏಕೆಂದರೆ ಅದಕ್ಕೆ ಕಸದ ಬೆಂಕಿ, ಸೌದೆ ಒಲೆ, ಜನರೇಟರು ಅಂತ ಬೇರೆ ಹಲವು ಮೂಲಗಳಿವೆ. ಕೆಲವು ಊರುಗಳಲ್ಲಿ ಓಝೋನ್ ಏರಿದ್ದೂ ಉಂಟು. ಎಲ್ಲವೂ ಒಳ್ಳೆಯದೇ ಆಯಿತು ಎಂದರೆ ಸುಳ್ಳಾಗುತ್ತದೆ. ಬೇಸಿಗೆ ಮಳೆಯೂ ಧೂಳು ತೊಳೆಯುವುದರಲ್ಲಿ ತನ್ನ ಪಾಲು ಮಾಡಿತು. ಇಷ್ಟೆಲ್ಲ ಕಳೆದರೂ ಉಳಿಯುವ ಲೆಕ್ಕ ಇದು: ವಾಹನ ನಿಂತಾಗ ಬೀದಿಯ ಗಾಳಿ ತಿಳಿಯಾಯಿತು, ಅದೂ ತಿಂಗಳುಗಟ್ಟಲೆ ಕಾಯಿಸದೆ, ದಿನಗಳಲ್ಲೇ.

ಈ ಹೊಗೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಕಾರಿನ ಹೊಗೆಕೊಳವೆ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ. ಸಿಗ್ನಲ್ ಪಕ್ಕ ಗೋಣಿತಾಟು ಹಾಸಿ ಕೂತು ಮಲ್ಲಿಗೆ ಕಟ್ಟುವ ಹೆಂಗಸಿನ ಮುಖ ಅಲ್ಲೇ ಹತ್ತಿರದಲ್ಲಿದೆ. ಅಪ್ಪನ ಕೈ ಹಿಡಿದು ರಸ್ತೆ ದಾಟುವ ಯುಕೆಜಿ ಮಗುವಿನ ಮೂಗೂ ದೊಡ್ಡವರ ಮೂಗಿಗಿಂತ ಅದಕ್ಕೆ ಹತ್ತಿರ. ಕಾರೊಳಗಿನವರು ಗಾಜು ಏರಿಸಿ ಏಸಿ ಹಾಕಿಕೊಳ್ಳುತ್ತಾರೆ. ಮಾಸ್ಕನ್ನು ನಮ್ಮ ಟ್ರಾಫಿಕ್ ಪೊಲೀಸರಿಗೆ ಕೊರೊನಾ ಕಲಿಸಿದ್ದಲ್ಲ, ಅವರು ವರ್ಷಗಳಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೈ ಬೀಸುತ್ತಿದ್ದಾರೆ. ಈಗ ನಾವೆಲ್ಲ ತೊಟ್ಟಿರುವ ಬಟ್ಟೆ ಮಾಸ್ಕು ಎಂಜಲ ಹನಿ ತಡೆದೀತು. ಹೊಗೆಯ ಅನಿಲವನ್ನು ಅದು ತಡೆಯದು. ಶ್ವಾಸಕೋಶಕ್ಕೇ ಬೀಳುವ ರೋಗ ಊರಲ್ಲಿ ಓಡಾಡುತ್ತಿರುವಾಗ ಅದೇ ಶ್ವಾಸಕೋಶಕ್ಕೆ ಮಸಿ ತುಂಬುವುದು ಯಾವ ಜಾಣತನ?

ನಮ್ಮ ದೇಶದ ಕಾನೂನಿನ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ವರ್ಷದ ಸರಾಸರಿ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ್ದು 10. ಎಂದರೆ ನಾವು ಪಾಸಾದರೂ ಅವರ ಲೆಕ್ಕದಲ್ಲಿ ಫೇಲು. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಗಾಳಿ ಕೆಟ್ಟ ಊರುಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿದವು. 2024ರೊಳಗೆ ಧೂಳನ್ನು ಶೇಕಡಾ 20ರಿಂದ 30 ಇಳಿಸುವುದು ಅದರ ಗುರಿ. ಹದಿನೈದನೇ ಹಣಕಾಸು ಆಯೋಗ 2020-21ರ ಒಂದೇ ವರ್ಷಕ್ಕೆ ದೊಡ್ಡ ನಗರಗಳ ಗಾಳಿಗೆಂದು 4,400 ಕೋಟಿ ರೂಪಾಯಿ ಸೂಚಿಸಿದೆ. ದುಡ್ಡಿಲ್ಲ ಅನ್ನುವ ರಾಗವನ್ನು ಇನ್ನು ಎಳೆಯಲಾಗದು.

ಹಾಗಾದರೆ ತಕ್ಷಣ ಏನಾಗಬೇಕು? ಬಸ್ಸು. ನಮ್ಮ ಒತ್ತಾಯವೆಲ್ಲ ಸುತ್ತಿ ಬಂದು ನಿಲ್ಲುವುದು ಅಲ್ಲೇ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು 80 ಲಕ್ಷ ದಾಟಿವೆ. ಬಿಎಂಟಿಸಿ ಬಸ್ಸುಗಳು ಸುಮಾರು ಆರೂವರೆ ಸಾವಿರ. ಈಗ ನಿಜವಾದ ಭಯ ಏನೆಂದರೆ, ಸೋಂಕಿಗೆ ಹೆದರಿ ಬಸ್ಸು ಬಿಟ್ಟವರು ಸಾಲ ಮಾಡಿ ಸ್ಕೂಟರು ಕೊಳ್ಳುತ್ತಾರೆ. ಒಮ್ಮೆ ಕೊಂಡವರು ಮತ್ತೆ ಬಸ್ಸು ಹತ್ತುವುದಿಲ್ಲ. ಹೆದರಿಕೆ ಸಾಲದು ಅಂತ ಬಿಎಂಟಿಸಿಯೂ ಅವರನ್ನು ಆಚೆ ತಳ್ಳಿತು. ಮೇ 19ರಂದು ಬಸ್ಸು ಮತ್ತೆ ಓಡಿದಾಗ ಟಿಕೆಟ್ ಇರಲಿಲ್ಲ, 70 ರೂಪಾಯಿಯ ದಿನದ ಪಾಸೇ ಕೊಳ್ಳಬೇಕಿತ್ತು. ಎರಡು ಸ್ಟಾಪು ಆಚೆ ಮನೆಗೆಲಸಕ್ಕೆ ಹೋಗುವಾಕೆಗೆ 70 ರೂಪಾಯಿ! ಜನ ಬೈದರು, ವಾರದಲ್ಲಿ ಟಿಕೆಟ್ ವಾಪಸು ಬಂತು. ಬೈದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ತಾಜಾ ಸಾಕ್ಷಿ ಬೇಡ.

ಕಳೆದ ವರ್ಷದ ಕೊನೆಯಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಒಂದು ಪಥ ಮಾಡಿಕೊಟ್ಟರು, ನೆನಪಿದೆಯೇ? ಕಾರುಗಳು ಸಾಲುಗಟ್ಟಿ ನಿಂತ ಕಡೆ ಬಸ್ಸು ಸಲೀಸಾಗಿ ಮುಂದೆ ಹೋಯಿತು. ಅಂಥ ಪಥ ಊರ ತುಂಬ ಹಾಕಲು ಇಂದಿಗಿಂತ ಒಳ್ಳೆಯ ಹೊತ್ತು ಸಿಗದು. ರಸ್ತೆ ಇನ್ನೂ ಪೂರ್ತಿ ತುಂಬಿಲ್ಲ. ತುಂಬಿದ ಮೇಲೆ ಒಂದಡಿ ಜಾಗ ಕೇಳಿದರೂ ಹಾರ್ನ್ ಹೊಡೆದು ಓಡಿಸುತ್ತಾರೆ. ಪ್ಯಾರಿಸಿನವರು ಮೇ ತಿಂಗಳಲ್ಲೇ ನಡುಊರಿನ ರಿವೊಲಿ ಬೀದಿಯಿಂದ ಕಾರುಗಳನ್ನು ಹೊರಗಟ್ಟಿ ಸೈಕಲ್ಲಿಗೆ ಬಿಟ್ಟುಕೊಟ್ಟರು. ಕೊಲಂಬಿಯಾದ ಬೊಗೊಟಾ ಮಾರ್ಚಿನಲ್ಲೇ ಕೋನ್ ಇಟ್ಟು ಸೈಕಲ್ ದಾರಿ ಮಾಡಿತು. ಅದಕ್ಕೆ ಬೇಕಾದದ್ದು ಬಣ್ಣ, ಕೋನು ಮತ್ತು ಒಂದು ಆದೇಶ.

ಆದ್ದರಿಂದ ಕೇಳೋಣ ಬನ್ನಿ. ಹಳ್ಳಿಗೆ ಹೋದವರು ವಾಪಸಾಗುವ ಮುಂಚೆ ಬಸ್ಸಿನ ಸಂಖ್ಯೆ ಹೆಚ್ಚಲಿ. ನೂಕುನುಗ್ಗಲು ತಪ್ಪಿದರೆ ಸೋಂಕೂ ಕಡಿಮೆಯಾಗುತ್ತದೆ. ಹೊಸೂರು ರಸ್ತೆ, ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಹಳೇ ಮದ್ರಾಸು ರಸ್ತೆಗಳಲ್ಲಿ ಬಸ್ ಪಥ ಬರಲಿ. ಟಿಕೆಟ್ ದರ ಇಳಿಯಲಿ, ನಷ್ಟವನ್ನು ಸರ್ಕಾರ ತುಂಬಲಿ. ಫ್ಲೈಓವರಿಗೆ ಲಾಭ ಬಂತೇ ಅಂತ ಯಾರೂ ಕೇಳುವುದಿಲ್ಲವಲ್ಲ. ಕಬ್ಬನ್ ಪಾರ್ಕಿನೊಳಗೆ ಕಾರುಗಳ ಓಡಾಟ ನಿಂತಿದೆ, ನಿಂತೇ ಇರಲಿ. ಏಪ್ರಿಲ್ 1ರಿಂದ ಬಿಎಸ್-6 ಇಂಧನ ಬಂದಿದೆ, ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದಿದೆ, ಒಳ್ಳೆಯದೇ. ಆದರೆ ಹಳೆಯ ಡೀಸೆಲ್ ಗಾಡಿ ಅದರಿಂದ ಹೊಸದಾಗಿಬಿಡುವುದಿಲ್ಲ.

ನಮ್ಮ ಕೈಯಲ್ಲೇ ಇರುವ ಕೆಲಸವೂ ಇದೆ. ಖಾಲಿ ಸೈಟಿನಲ್ಲಿ ತರಗೆಲೆ, ಪ್ಲಾಸ್ಟಿಕ್ ಸುಡುವವರನ್ನು ತಡೆಯಿರಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಪೌರಕಾರ್ಮಿಕರ ಮೇಲೆ ರೇಗಬೇಡಿ, ಕಸದ ಗಾಡಿ ವಾರಗಟ್ಟಲೆ ಬಾರದಂತೆ ಮಾಡಿದವರನ್ನು ಹಿಡಿಯಿರಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಮರಳಿಗೆ ಟಾರ್ಪಾಲು ಹಾಕಿಸಿ, ನೀರು ಚಿಮುಕಿಸಲು ಹೇಳಿ. ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿ.

ಮುಖ್ಯ ಮಾತು: ಸೆಪ್ಟೆಂಬರಿಗೆ ಪಾಲಿಕೆಯ ಅವಧಿ ಮುಗಿಯುತ್ತದೆ. 198 ವಾರ್ಡುಗಳಲ್ಲಿ ಮತ ಕೇಳುವವರು ಕೈ ಮುಗಿದು ಬರಬೇಕು. ನಿಮ್ಮ ಗೇಟಿಗೆ ಬಂದವರು ಯಾವ ಪಕ್ಷದವರೇ ಆಗಲಿ, ಮೂರು ಪ್ರಶ್ನೆ ಕೇಳಿ. ನಮ್ಮ ವಾರ್ಡಿನ ಮೇಲೆ ಹೋಗುವ ಬಸ್ಸು ಎಷ್ಟು ಹೊತ್ತಿಗೊಂದು ಬರುವಂತೆ ಮಾಡುತ್ತೀರಿ? ಬಸ್ ಸ್ಟಾಪಿನ ತನಕ ಎಡವದೆ ನಡೆಯುವ ಫುಟ್‌ಪಾತ್ ಯಾವಾಗ? ಕಸಕ್ಕೆ ಬೆಂಕಿ ಬಿದ್ದರೆ ಯಾರಿಗೆ ಫೋನ್ ಮಾಡಬೇಕು, ನಿಮಗೇ ಮಾಡಬಹುದೇ? ಉತ್ತರವನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ವಾರ್ಡ್ ಸಮಿತಿ ಸಭೆಗೆ ಅದನ್ನೇ ಹಿಡಿದು ಹೋಗಿ.

ಇತಿ, ನಿಮ್ಮ ಬೀದಿಯ ಕೆಲವರು

(ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಬೇಡವಾದರೆ ಒಣಕಸಕ್ಕೆ ಹಾಕಿ. ಸುಡಬೇಡಿ.)