ಮುಂಗಡದ ಕುಣಿಕೆ

ಒಡಿಶಾದ ಬಲಾಂಗೀರ್, ನುವಾಪಡಾ ಜಿಲ್ಲೆಗಳಲ್ಲಿ ಹೊಸ ಅಕ್ಕಿಯ ಹಬ್ಬ ನುವಾಖಾಯಿ ಮುಗಿಯುತ್ತಿದ್ದಂತೆ ಕೂಲಿಯಾಳುಗಳನ್ನು ಒದಗಿಸುವ ದಲ್ಲಾಳಿಗಳಾದ ಸರ್ದಾರರು ಹಳ್ಳಿಗಳಿಗೆ ಬಂದು ಮುಂಗಡ ಹಂಚುತ್ತಾರೆ. ಮದುವೆಗೋ ಕಾಯಿಲೆಗೋ ಹಳೆಯ ಸಾಲಕ್ಕೋ ಆ ದುಡ್ಡು ಅಲ್ಲೇ ಕರಗಿಹೋಗುತ್ತದೆ. ಅದನ್ನು ತೀರಿಸಲು ಗಂಡ, ಹೆಂಡತಿ, ಮಕ್ಕಳು ತೆಲಂಗಾಣ, ತಮಿಳುನಾಡು, ಕರ್ನಾಟಕದ ಇಟ್ಟಿಗೆ ಗೂಡುಗಳಿಗೆ ರೈಲು ಹತ್ತುತ್ತಾರೆ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು ಗೊತ್ತಾಗಿರುತ್ತದೆ. ಮಳೆಗೆ ಹಸಿ ಇಟ್ಟಿಗೆ ಕರಗಿದರೆ ನಷ್ಟ ಬಹುಮಟ್ಟಿಗೆ ಕೂಲಿಯವರದು. ವಾರದ ಅಕ್ಕಿ ಬೇಳೆಗೆ ಕೊಟ್ಟ ಕಾಸೂ ಸಾಲದ ಬಾಬ್ತಿಗೆ ಸೇರುತ್ತದೆ, ಲೆಕ್ಕದ ಪುಸ್ತಕ ಮಾಲೀಕನ ಕೈಯಲ್ಲಿರುತ್ತದೆ. ಊರಿಗೆ ಹೋಗುತ್ತೇವೆ ಎಂದವರಿಗೆ ಬಾಕಿ ತೀರಿಲ್ಲ ಎಂಬ ಉತ್ತರ ಸಿಗುತ್ತದೆ. ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದಾರೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2021ರ ಅಂದಾಜು. ನಮ್ಮ ಮನೆಗಳ ಗೋಡೆಗೂ ಆ ದುಡಿಮೆ ಸೇರಿರಬಹುದು.

ಅವರಾಗಿಯೇ ಒಪ್ಪಿ ಬಂದಿದ್ದಾರಲ್ಲ, ಇದು ಮಾನವ ಕಳ್ಳಸಾಗಣೆ ಹೇಗಾದೀತು ಎನ್ನುವವರಿದ್ದಾರೆ. ಮೋಸದಿಂದಲೋ ಬೆದರಿಕೆಯಿಂದಲೋ ಶೋಷಣೆಗೆ ಜನರನ್ನು ಸಾಗಿಸಿದಾಗ ಅವರು ಒಪ್ಪಿದ್ದರೇ ಎಂಬ ಪ್ರಶ್ನೆಯೇ ಬಾರದೆಂದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಹೇಳುತ್ತದೆ. ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಇನ್ನೂ ಆಳಕ್ಕೆ ಹೋಗಿತ್ತು: ಹಸಿವಿಗೆ ಮಣಿದು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತ್ತು. ಮುಂಗಡ ನಿಂತುಹೋದರೆ ಬಡವರಿಗೆ ಸಾಲ ಕೊಡುವವರಾರು ಎಂಬ ಇನ್ನೊಂದು ಆಕ್ಷೇಪವಿದೆ. ಇದು ತೂಕದ ಮಾತು, ಭೂಮಿಯಿಲ್ಲದವರಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಆದರೆ ಯಾರೂ ಸಾಲವನ್ನು ಅಪರಾಧ ಎನ್ನುತ್ತಿಲ್ಲ. ಸಾಲದ ನೆಪದಲ್ಲಿ ಗೂಡು ಬಿಟ್ಟು ಹೋಗದಂತೆ ಹಿಡಿದಿಡುವುದು ಅಪರಾಧ. ಹಾಗೆ ಹಿಡಿದಿಡಲು ಬಳಸಿದ ಸಾಲವನ್ನು 1976ರ ಜೀತ ಪದ್ಧತಿ ರದ್ದು ಕಾಯ್ದೆ ಅಳಿಸಿಹಾಕಿದೆ.

ಕಾನೂನು ಇಷ್ಟು ಸ್ಪಷ್ಟವಾಗಿದ್ದೂ ಅದು ಸೋಲುವುದು ಬಿಡುಗಡೆಯ ಮಾರನೆಯ ದಿನ. ಉಪವಿಭಾಗಾಧಿಕಾರಿ ಬಿಡುಗಡೆ ಪತ್ರಕ್ಕೆ ಸಹಿ ಹಾಕದಿದ್ದರೆ ಜೀತದಾಳು ಸರ್ಕಾರದ ಲೆಕ್ಕಕ್ಕೇ ಬರುವುದಿಲ್ಲ. ಪ್ರಕರಣವನ್ನು ಬರೀ ಕೂಲಿ ತಕರಾರೆಂದು ಬರೆದು ಊರಿನ ರೈಲು ಹತ್ತಿಸಿಬಿಡುವುದು ಎಲ್ಲರಿಗೂ ಅನುಕೂಲ, ಆ ಕುಟುಂಬವೊಂದನ್ನು ಬಿಟ್ಟು. ಪತ್ರ ಸಿಕ್ಕವರಿಗೂ 2016ರ ಪುನರ್ವಸತಿ ಯೋಜನೆಯಲ್ಲಿ ತಕ್ಷಣ ದೊರೆಯುವ ನೆರವು ಅಲ್ಪ. ಪೂರ್ಣ ಪರಿಹಾರವನ್ನು ಆರೋಪಿಯ ಶಿಕ್ಷೆಗೆ ಗಂಟುಹಾಕಲಾಗಿದೆ. ವರ್ಷಗಟ್ಟಲೆ ಎಳೆಯುವ ಮೊಕದ್ದಮೆ ಮುಗಿಯುವವರೆಗೆ ಆ ಮನೆಯವರು ಉಣ್ಣುವುದೇನು? ಮುಂದಿನ ಹಬ್ಬಕ್ಕೆ ಅದೇ ಸರ್ದಾರ ಅದೇ ಬಾಗಿಲಿಗೆ ಬರುತ್ತಾನೆ. ಪರಿಹಾರಕ್ಕೂ ಶಿಕ್ಷೆಗೂ ಹಾಕಿರುವ ಈ ಗಂಟನ್ನು ಕೇಂದ್ರ ಸರ್ಕಾರ ಬಿಚ್ಚಬೇಕು. ಗೂಡಿನಿಂದ ಹೊರಬಂದ ದಿನವೇ ಪ್ರತಿಯೊಬ್ಬ ಜೀತದಾಳಿನ ಕೈಗೆ ಬಿಡುಗಡೆ ಪತ್ರ ಸಿಗುವಂತೆ ನಮ್ಮ ಜಿಲ್ಲಾಡಳಿತಗಳು ನೋಡಿಕೊಳ್ಳಬೇಕು.